ಮನೆಯ ವಿಮೆ: ಯಾರಿಗೆ ಉಂಟು, ಯಾವ ದರಕ್ಕೆ ಉಂಟು



ಹನುಮಂತನಗರದ ರಾಮಾಂಜನೇಯ ಗುಡ್ಡವನ್ನೇರಿ ನಿಂತು ಸುತ್ತಲೂ ನೋಡಿದವರಿಗೆ ಮೊದಲು ಕಾಣುವುದು ಮನೆಗಳ ಒತ್ತು. ಒಂದು ಕಾಲಕ್ಕೆ ಹೆಂಚಿನ ಮಾಡುಗಳೂ ಮದ್ರಾಸು ತಾರಸಿಗಳೂ ಇದ್ದ ಎಡೆಯಲ್ಲಿ ಈಗ ಮೂರು ನಾಲ್ಕು ಅಂತಸ್ತಿನ ಕಾಂಕ್ರೀಟು ಕಟ್ಟಡಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ನಮ್ಮ ಮಧ್ಯಮ ತರಗತಿಯ ಸಂಸಾರಸ್ಥನು ಜೀವಮಾನದ ಉಳಿತಾಯವನ್ನೆಲ್ಲ ಸುರಿದಿರುವುದು ಈ ಇಟ್ಟಿಗೆ ಗಾರೆಗಳ ಮೇಲೆಯೇ. ಆತನು ತನ್ನ ಪ್ರಾಣಕ್ಕೆ ವಿಮೆ ಮಾಡಿಸಿರುತ್ತಾನೆ. ಮೋಟಾರಿಗೆ ಕಾನೂನಿನ ಬಲಾತ್ಕಾರದಿಂದ ಮಾಡಿಸಿರುತ್ತಾನೆ. ಮನೆಗೆ ಮಾತ್ರ, ಗೃಹಪ್ರವೇಶದ ದಿನ ಬಾಗಿಲಿಗೆ ಕಟ್ಟಿದ ಬೂದುಗುಂಬಳಕಾಯಿಯೊಂದೇ ರಕ್ಷೆ. ಕುಂಬಳಕಾಯಿಯ ವಿಷಯದಲ್ಲಿ ನಮಗೆ ಅಗೌರವವಿಲ್ಲ. ಆದರೆ ದೃಷ್ಟಿಯನ್ನು ತಡೆಯುವ ಶಕ್ತಿ ಅದಕ್ಕಿದ್ದರೂ ನೀರನ್ನು ತಡೆಯುವ ಶಕ್ತಿ ಅದಕ್ಕಿರುವಂತೆ ಕಾಣುವುದಿಲ್ಲ.

ನೀರಿನ ಮಾತನ್ನು ಎತ್ತಿದುದಕ್ಕೆ ಕಾರಣವುಂಟು. 2020ನೆಯ ಇಸವಿ ಅಕ್ಟೋಬರು 23ನೆಯ ತಾರೀಖು ಸಂಜೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಭಾರಿ ಮಳೆ ಬಿದ್ದು, ನಮ್ಮ ಬಡಾವಣೆಗೆ ಬಹು ದೂರವಲ್ಲದ ಹೊಸಕೆರೆಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ಮನೆಗಳೊಳಕ್ಕೆ ನುಗ್ಗಿತು. ದತ್ತಾತ್ರೇಯನಗರ, ಗುರುದತ್ತ ಬಡಾವಣೆಗಳ ಬೀದಿಗಳಲ್ಲಿ ಮೋಟಾರುಗಳು ದೋಣಿಗಳಂತೆ ತೇಲಿದವು. ಮಾರನೆಯ ದಿನ ಮುಖ್ಯಮಂತ್ರಿಗಳು ಬಂದು ನೋಡಿ, ನೀರು ನುಗ್ಗಿದ ಮನೆಯೊಂದಕ್ಕೆ 25,000 ರೂಪಾಯಿ ಪರಿಹಾರವನ್ನು ಸಾರಿದರು. ಅದನ್ನು ಕೃತಜ್ಞತೆಯಿಂದಲೇ ಸ್ಮರಿಸಬೇಕು. ಆದರೆ ಹಾಸಿಗೆ, ಬೀರು, ಶೈತ್ಯಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ, ಮಕ್ಕಳ ಪುಸ್ತಕಗಳು, ವರ್ಷಕ್ಕಾಗುವ ಅಕ್ಕಿ ಬೇಳೆ, ಇವೆಲ್ಲವೂ ಒಂದೇ ರಾತ್ರಿ ಕೆಸರಿನ ಪಾಲಾದ ಸಂಸಾರಕ್ಕೆ ಆ ಹಣ ಯಾವ ಮೂಲೆಗೆ ಸಾಕು ಎಂಬುದನ್ನು ಗೃಹಿಣಿಯರೇ ಹೇಳಬಲ್ಲರು.

ಇಲ್ಲಿ ಪರಿಹಾರಕ್ಕೂ ವಿಮೆಗೂ ಇರುವ ಭೇದವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಪರಿಹಾರವು ಸರ್ಕಾರದ ದಯೆ. ಅದರ ಮೊತ್ತ ಕಾಲಕಾಲಕ್ಕೆ ಬೇರೆ ಬೇರೆಯಾಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆಗಳ ಕಡೆ ಊರುಗಳೇ ಮುಳುಗಿದಾಗ, ಪೂರ್ಣವಾಗಿ ಬಿದ್ದುಹೋದ ಮನೆಗೆ 5 ಲಕ್ಷ ರೂಪಾಯಿಗಳನ್ನು ಕರ್ನಾಟಕ ಸರ್ಕಾರ ಗೊತ್ತುಮಾಡಿತು. ವಿಪತ್ತು ನಿಧಿಯ ವಿಚಾರದಲ್ಲಿ ಕೇಂದ್ರ ಸರ್ಕಾರವು 2022ರಿಂದ 2026ರವರೆಗಿನ ಅವಧಿಗೆ ವಿಧಿಸಿದ ಪ್ರಮಾಣವಾದರೋ ಬಯಲುಸೀಮೆಯ ಪಕ್ಕಾ ಮನೆಗೆ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಇದರಲ್ಲಿ ಮನೆ ದೊಡ್ಡದೋ ಚಿಕ್ಕದೋ ಎಂಬ ವಿಚಾರವಿಲ್ಲ. ವಿಮೆಯು ಹಾಗಲ್ಲ, ಅದು ಕರಾರು. ಕಂತು ಕಟ್ಟಿದವನಿಗೆ ಕೇಳುವ ಹಕ್ಕುಂಟು, ಕೊಡದಿದ್ದರೆ ನ್ಯಾಯಸ್ಥಾನಕ್ಕೆ ಎಳೆಯುವ ಹಕ್ಕೂ ಉಂಟು.

ಹಾಗಾದರೆ ಸರ್ಕಾರವೇ ಮನೆಗೆ ವಿಮೆ ಕೊಡಬಾರದೆ? ಈ ಪ್ರಶ್ನೆ ಮೈಸೂರು ಸೀಮೆಯವರಿಗೆ ವಿಚಿತ್ರವಾಗಿ ತೋರಬೇಕಾದ್ದಿಲ್ಲ. ಶ್ರೀ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1891ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ತನ್ನ ನೌಕರರ ಜೀವವಿಮೆಯನ್ನು ತಾನೇ ವಹಿಸಿಕೊಂಡಿತು. ಅದೇ ಇಲಾಖೆ ಬೆಳೆದು ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿದೆ. ರಾಜ್ಯದ ನೌಕರರು ಅದರಲ್ಲಿ ಜೀವವಿಮೆ ಮಾಡಿಸುವುದು ಕಡ್ಡಾಯ. ಸಂಬಳದಿಂದಲೇ ಕಂತು ಮುರಿಯಲ್ಪಡುತ್ತದೆ. ಅಲ್ಲಿ ಅರ್ಹತೆ ಯಾರಿಗೆಂಬುದಕ್ಕೆ ಉತ್ತರ ಬಹು ಸುಲಭ: ಸರ್ಕಾರದ ಉಪ್ಪು ತಿನ್ನುವವನಿಗೆ. ಮಿಕ್ಕವರ ಮನೆಮಾರುಗಳ ವಿಚಾರಕ್ಕೆ ಆ ಇಲಾಖೆ ಕೈಹಾಕಲಿಲ್ಲ.

ಬಡವರ ಮನೆಯ ವಿಚಾರದಲ್ಲಿ ಒಮ್ಮೆ ಅಂಥ ಪ್ರಯತ್ನ ನಡೆದದ್ದುಂಟು. 1988ರ ಮೇ ತಿಂಗಳಿನಿಂದ ಭಾರತ ಸರ್ಕಾರವು ಗುಡಿಸಲು ವಿಮೆಯೆಂಬ ಯೋಜನೆಯನ್ನು ನಡೆಸಿತು. ಗ್ರಾಮಾಂತರದ ಬಡ ಕುಟುಂಬದ ಗುಡಿಸಲು ಬೆಂಕಿಗೆ ತುತ್ತಾದರೆ ಗುಡಿಸಲಿಗೆ 1,000 ರೂಪಾಯಿ, ಒಳಗಿನ ಸಾಮಾನಿಗೆ 500 ರೂಪಾಯಿ. ಕಂತನ್ನು ಕುಟುಂಬವು ಕಟ್ಟಬೇಕಾಗಿರಲಿಲ್ಲ, ಸರ್ಕಾರವೇ ವಹಿಸಿತ್ತು. ಅರ್ಹತೆಗೆ ವರಮಾನದ ಮಿತಿಯಿತ್ತು. ಮೊತ್ತ ಇಂದಿಗೆ ನಗೆ ತರಿಸಬಹುದು. ಆದರೂ ಮನೆಯ ವಿಮೆಯಲ್ಲಿ ರಾಜ್ಯವೇ ನೇರವಾಗಿ ಹೆಗಲು ಕೊಟ್ಟ ಉದಾಹರಣೆಯೆಂದು ಅದನ್ನು ಇಲ್ಲಿ ನೆನೆದೆವು.

ಈಗಿನ ಸ್ಥಿತಿಗೆ ಬರೋಣ. ಇಂದು ನಮ್ಮ ದೇಶದಲ್ಲಿ ಮನೆಗೆ ವಿಮೆ ಕೊಡುವವರು ಸಾಮಾನ್ಯ ವಿಮಾ ಕಂಪನಿಗಳು. ಇವುಗಳ ಪೈಕಿ ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯೆಂಟಲ್ ಎಂಬ ನಾಲ್ಕು, 1973ರ ರಾಷ್ಟ್ರೀಕರಣದಿಂದ ಸರ್ಕಾರದ ಸ್ವತ್ತಾದವು. ಮಿಕ್ಕವು ಹೆಚ್ಚಾಗಿ ಖಾಸಗಿಯವು. ಸರ್ಕಾರದ ಆಸರೆಯೆಂದರೆ ಈ ಒಡೆತನವೊಂದೇ ಅಲ್ಲ. ಅದಕ್ಕಿಂತ ಮುಖ್ಯವಾದುದು, ವಿಮಾಪತ್ರದ ಒಕ್ಕಣೆಯನ್ನೇ ವಿಮಾ ನಿಯಂತ್ರಣ ಪ್ರಾಧಿಕಾರವು ಬರೆದುಕೊಟ್ಟಿರುವುದು. 2021ರ ಏಪ್ರಿಲ್ 1ನೆಯ ತಾರೀಖಿನಿಂದ ಸಾಮಾನ್ಯ ವಿಮಾ ವ್ಯಾಪಾರ ಮಾಡುವ ಪ್ರತಿಯೊಂದು ಕಂಪನಿಯೂ ಭಾರತ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಮನೆ ವಿಮೆಯನ್ನು ಮಾರಲೇಬೇಕೆಂದು ವಿಧಿಯಾಯಿತು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತುಗಳು ಒಂದೇ. ಹಿಂದೆ ಸಣ್ಣ ಅಕ್ಷರದ ಕಾಡಿನಲ್ಲಿ ದಾರಿ ತಪ್ಪುತ್ತಿದ್ದ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ.

ಅರ್ಹತೆಯೇನೆಂದು ಕೇಳುವಿರಿ. ವಾಸಕ್ಕೆ ಉಪಯೋಗವಾಗುವ, ಗೋಡೆ ಮಾಡುಗಳುಳ್ಳ ಮನೆಯಾಗಿರಬೇಕು. ಕೇಳುವವನಿಗೆ ಅದರಲ್ಲಿ ಹಿತವಿರಬೇಕು, ಅಂದರೆ ಅದು ಹಾಳಾದರೆ ನಷ್ಟ ಅವನದಾಗಬೇಕು. ಮಾಲಿಕನಿಗೆ ಈ ಹಿತವುಂಟು. ಬಾಡಿಗೆಯವನಿಗೆ ಗೋಡೆಗಳಲ್ಲಿ ಹಿತವಿಲ್ಲದಿದ್ದರೂ ಒಳಗಿನ ತನ್ನ ಸಾಮಾನಿನಲ್ಲಿ ಉಂಟು. ಆತನು ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು. ಈ ಅಂಶವನ್ನು ಬಾಡಿಗೆ ಮನೆಗಳೇ ತುಂಬಿರುವ ನಮ್ಮ ಬೀದಿಗಳಲ್ಲಿ ಹತ್ತರಲ್ಲಿ ಒಬ್ಬರಾದರೂ ಬಲ್ಲರೋ ಇಲ್ಲವೋ ಎಂದು ನಮಗೆ ಸಂದೇಹ. ತಾತನ ಹೆಸರಿನಲ್ಲಿಯೇ ಖಾತೆ ಉಳಿದು, ಅಣ್ಣತಮ್ಮಂದಿರು ಪಾಲಾಗದೆ ಒಂದೊಂದು ಅಂತಸ್ತಿನಲ್ಲಿ ವಾಸವಾಗಿರುವ ಮನೆಗಳೂ ನಮ್ಮಲ್ಲಿ ಹೇರಳ. ಅಂಥವರು ಹಕ್ಕುದಾರರೆಲ್ಲರ ಹೆಸರೂ ವಿಮಾಪತ್ರದಲ್ಲಿ ಬರುವಂತೆ ನೋಡಿಕೊಳ್ಳುವುದು ಕ್ಷೇಮ. ಇಲ್ಲವಾದರೆ ಬೆಂಕಿ ಆರಿದ ಮೇಲೆ ವ್ಯಾಜ್ಯ ಹೊತ್ತಿಕೊಳ್ಳುತ್ತದೆ.

ಐವತ್ತಡಿ ರಸ್ತೆಯ ಉದ್ದಕ್ಕೂ ಕೆಳಗೆ ಅಂಗಡಿ, ಮೇಲೆ ಮನೆ. ಕೆಳಗಿನ ಅಂಗಡಿಗೆ ಗೃಹ ರಕ್ಷೆ ಸಲ್ಲದು. ಅದಕ್ಕೆ 5 ಕೋಟಿ ರೂಪಾಯಿವರೆಗಿನ ಆಸ್ತಿಗೆಂದು ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಬೇರೆ ವಿಮಾಪತ್ರವಿದೆ. ಮನೆಯ ಮುಂದಿನ ಕೋಣೆಯಲ್ಲಿ ಪಾಠ ಹೇಳುವವರು, ಹೊಲಿಗೆ ಯಂತ್ರವಿಟ್ಟವರು, ವಕೀಲಿಕೆ ಮಾಡುವವರು ಅದನ್ನು ಅರ್ಜಿಯಲ್ಲಿಯೇ ಬರೆದುಬಿಡಬೇಕು. ವಿಮೆಯ ಕರಾರು ಪರಮ ವಿಶ್ವಾಸದ ಕರಾರು; ಬಚ್ಚಿಟ್ಟ ಸಂಗತಿ ಹಣ ಪಡೆಯುವ ದಿನ ತಾನಾಗಿ ಹೊರಗೆ ಬರುತ್ತದೆ.

ರಕ್ಷೆ ಯಾವುದಕ್ಕೆಂದರೆ, ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ಮರವೋ ವಾಹನವೋ ಬಂದು ಬಡಿಯುವುದು, ನೀರಿನ ತೊಟ್ಟಿ ಒಡೆಯುವುದು, ಇಷ್ಟೂ ಸೇರಿವೆ. ಕಳ್ಳತನದ ವಿಚಾರದಲ್ಲಿ ಜನ ಮೋಸಹೋಗುತ್ತಾರೆ. ಮೇಲೆ ಹೇಳಿದ ಯಾವುದಾದರೊಂದು ಅನಾಹುತವಾಗಿ, ಅದರ ದೆಸೆಯಿಂದ 7 ದಿನಗಳೊಳಗೆ ಕಳ್ಳತನವಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಸಾಧಾರಣವಾದ ಕನ್ನಗಳ್ಳತನಕ್ಕೆ ಬೇರೆ ರಕ್ಷೆಯನ್ನು ಕೊಳ್ಳಬೇಕು. ಒಡವೆ, ಬೆಳ್ಳಿ ಪಾತ್ರೆಗಳಿಗೂ ಹಾಗೆಯೇ; ಬೆಲೆಯನ್ನು ಮುಂದಾಗಿಯೇ ಒಪ್ಪಿ ಪಟ್ಟಿ ಬರೆಸತಕ್ಕದ್ದು.

ನಮ್ಮ ಬಡಾವಣೆಯವರು ವಿಶೇಷವಾಗಿ ಕಿವಿಗೊಡಬೇಕಾದ ಮಾತೊಂದುಂಟು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸ ಇಲ್ಲಿ ಯಾವ ಬೀದಿಯಲ್ಲಿಯೂ ನಿಂತಿಲ್ಲ. ಪಕ್ಕದವರು ಮೋಟಾರು ನಿಲ್ಲಿಸುವುದಕ್ಕೆಂದು ನೆಲಮಾಳಿಗೆಯನ್ನು ಅಗೆಯುತ್ತಾರೆ. ಈಚೆ ನಮ್ಮ ಗೋಡೆ ಬಿರುಕು ಬಿಡುತ್ತದೆ. ನೆಲ ಕುಸಿದುದಕ್ಕೆ ರಕ್ಷೆ ಉಂಟಲ್ಲವೆ ಎಂದು ವಿಮಾಪತ್ರವನ್ನು ಹುಡುಕಿ ತೆಗೆದರೆ, ಅಗೆತ, ಕೆಡಹುವಿಕೆ, ಕಟ್ಟಡ ಕೆಲಸಗಳಿಂದ ಆದ ಕುಸಿತಕ್ಕೆ ರಕ್ಷೆಯಿಲ್ಲವೆಂದು ಅಲ್ಲಿಯೇ ಬರೆದಿದೆ. ಹೊಸ ಕಟ್ಟಡವು ಸಹಜವಾಗಿ ಕುಳಿತು ಬಿಡುವ ಬಿರುಕು, ಕೆಟ್ಟ ಸಾಮಗ್ರಿಯಿಂದ ಆದ ಹಾನಿ, ಇವೂ ಹೊರಗೆ. ತುಂಬಿದ ಮಣ್ಣಿನ ನೆಲ ಇಳಿದು ಆಗುವ ಹಾನಿಯೂ ಹೊರಗೆ. ಕೆರೆಗಳನ್ನು ತುಂಬಿ ನಿಲ್ದಾಣಗಳನ್ನೂ ಬಡಾವಣೆಗಳನ್ನೂ ಮಾಡಿಕೊಂಡ ಊರು ನಮ್ಮದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ನಮ್ಮ ಮಗ್ಗುಲಿನ ಕೆಂಪಾಂಬುಧಿ ಮಾತ್ರ ಹೇಗೋ ಉಳಿದುಕೊಂಡಿದೆ. ಇಂಥ ಊರಿನಲ್ಲಿ ನಿವೇಶನ ಕೊಳ್ಳುವವರು ಕಾಗದಪತ್ರಗಳ ಜೊತೆಗೆ ಆ ನೆಲದ ಹಿಂದಿನ ಜನ್ಮವನ್ನೂ ವಿಚಾರಿಸಬೇಕಾಗುತ್ತದೆ. ಪಕ್ಕದ ಅಗೆತದಿಂದ ಬಿರುಕುಬಿಟ್ಟರೆ ಕೇಳಬೇಕಾದ್ದು ಅಗೆದವರನ್ನು, ವಿಮಾ ಕಂಪನಿಯನ್ನಲ್ಲ. ಅದಕ್ಕಾಗಿ ಅಗೆತ ಆರಂಭವಾಗುವ ಮೊದಲೇ ಗೋಡೆಗಳ ಛಾಯಾಚಿತ್ರಗಳನ್ನು ತಾರೀಖಿನೊಡನೆ ತೆಗೆದಿಡುವುದು ಜಾಣತನ.

ಇನ್ನು ಮೊತ್ತ. ನಿವೇಶನದ ಬೆಲೆಗೆ ವಿಮೆಯಿಲ್ಲ, ಏಕೆಂದರೆ ನೆಲ ಸುಡುವುದಿಲ್ಲ. ಹನುಮಂತನಗರದಲ್ಲಿ ಮೂವತ್ತು ನಲವತ್ತರ ನಿವೇಶನಕ್ಕೆ ಕೋಟಿಗಳ ಬೆಲೆಯಿದೆಯೆಂದು ಕೋಟಿಗಟ್ಟಲೆ ವಿಮೆ ಮಾಡಿಸಿ ಹೆಚ್ಚು ಕಂತು ತೆತ್ತರೆ ಅದು ವ್ಯರ್ಥ. ಗೋಡೆಗಳ ಒಳಗಿನ ನೆಲದ ಅಳತೆಯನ್ನು, ಅಂದರೆ ಕಾರ್ಪೆಟ್ ಏರಿಯಾ ಎನ್ನುವುದನ್ನು, ಈಗ ಒಂದು ಚದರಡಿ ಕಟ್ಟಲು ತಗಲುವ ವೆಚ್ಚದಿಂದ ಗುಣಿಸಿದರೆ ಮೊತ್ತ ಬಂತು. ಲೆಕ್ಕಕ್ಕಾಗಿ 1,000 ಚದರಡಿ, ಚದರಡಿಗೆ 2,500 ರೂಪಾಯಿ ಎಂದಿಟ್ಟುಕೊಳ್ಳೋಣ: 25 ಲಕ್ಷವಾಯಿತು. ಸಾಮಾನುಗಳಿಗೆ ಇದರ ಶೇಕಡಾ 20, ಅಂದರೆ 5 ಲಕ್ಷ, ತಾನಾಗಿಯೇ ಸೇರುತ್ತದೆ. ಹೀಗೆ ತಾನಾಗಿ ಸೇರುವುದಕ್ಕೆ ಮೇಲ್ಮಿತಿ 10 ಲಕ್ಷ. ಹಲವು ವರ್ಷಗಳಿಗೆ, ಹೆಚ್ಚೆಂದರೆ 10 ವರ್ಷಗಳಿಗೆ, ಒಟ್ಟಾಗಿ ಕೊಂಡರೆ ಕಟ್ಟಡದ ಮೊತ್ತವು ವರ್ಷಕ್ಕೆ ಶೇಕಡಾ 10ರಂತೆ ಬೇರೆ ಕಂತಿಲ್ಲದೆ ಏರುತ್ತದೆ.

ಹಳೆಯ ಬೆಂಕಿ ವಿಮೆಯಲ್ಲಿ ಸರಾಸರಿ ನಿಯಮವೆಂಬ ಒಂದು ಕತ್ತಿಯಿತ್ತು. 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 4 ಲಕ್ಷ ನಷ್ಟವಾದರೆ ಕೈಗೆ ಬರುತ್ತಿದ್ದುದು 2 ಲಕ್ಷ. ಅರ್ಧ ವಿಮೆಗೆ ಅರ್ಧ ಹಣವೆಂಬ ನ್ಯಾಯ. ಲೆಕ್ಕವೇನೋ ಸರಿ, ಆದರೆ ಕಟ್ಟುವ ವೆಚ್ಚ ವರ್ಷವರ್ಷವೂ ಏರುವಾಗ ಹಳೆಯ ಮೊತ್ತವನ್ನೇ ನವೀಕರಿಸುತ್ತ ಬಂದ ಮುಗ್ಧನು ತನಗೆ ತಿಳಿಯದೆಯೇ ಅರ್ಧ ವಿಮೆಯವನಾಗಿಬಿಡುತ್ತಿದ್ದನು. ಗೃಹ ರಕ್ಷೆಯಲ್ಲಿ ಈ ನಿಯಮವನ್ನು ಕೈಬಿಟ್ಟಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ 2021ರ ಸುಧಾರಣೆಯಲ್ಲೆಲ್ಲ ಇದೇ ಮಿಗಿಲಾದುದು. ನೆಲದ ಅಳತೆಯನ್ನು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು.

ದರದ ವಿಷಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಹಿಂದೆ ಬೆಂಕಿ ವಿಮೆಯ ದರವನ್ನು ದರ ಸಲಹಾ ಸಮಿತಿಯೆಂಬ ಶಾಸನಬದ್ಧ ಮಂಡಲಿ ಗೊತ್ತುಪಡಿಸುತ್ತಿತ್ತು. ಭೂಕಂಪದ ಭಯಕ್ಕೆ ದೇಶವನ್ನೇ ವಲಯಗಳಾಗಿ ಹಂಚಿ ದರ ಬರೆದಿದ್ದರು. 2007ರ ಜನವರಿಯಿಂದ ಆ ಕಟ್ಟು ಸಡಿಲವಾಗಿ ಕಂಪನಿಗಳು ತಮ್ಮ ದರವನ್ನು ತಾವೇ ಹೇಳತೊಡಗಿದವು. ಆದಕಾರಣ ಇಂದು ವಿಮಾಪತ್ರದ ಒಕ್ಕಣೆ ಒಂದೇ, ದರ ಹಲವು. ಸರಕು ಒಂದೇ ಆಗಿರುವಲ್ಲಿ ನಾಲ್ಕು ಅಂಗಡಿ ಸುತ್ತಿ ಬೆಲೆ ಕೇಳುವುದರಲ್ಲಿ ಸಂಕೋಚವೇಕೆ? ಸಾವಿರಕ್ಕೆ 40 ಪೈಸೆ ದರವೆಂದು ಭಾವಿಸಿದರೆ ಮೇಲಿನ 30 ಲಕ್ಷಕ್ಕೆ ವರ್ಷಕ್ಕೆ 1,200 ರೂಪಾಯಿ. ಅದರ ಮೇಲೆ ಶೇಕಡಾ 18ರ ತೆರಿಗೆ 216 ರೂಪಾಯಿ. ಒಟ್ಟು 1,416. ಇದು ಲೆಕ್ಕದ ಮಾದರಿಯೇ ಹೊರತು ಯಾವ ಕಂಪನಿಯ ದರವೂ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ವ್ಯಕ್ತಿಗತ ಜೀವವಿಮೆ, ಆರೋಗ್ಯ ವಿಮೆಗಳಿಗೆ ತೆರಿಗೆಯನ್ನು ಬಿಟ್ಟ ಸರ್ಕಾರವು ಮನೆಯ ವಿಮೆಯನ್ನು ಏಕೆ ಮರೆಯಿತೋ ತಿಳಿಯದು.

ಅನ್ಯದೇಶಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿದ್ದಾರೆಂಬುದು ವಿಚಾರಾರ್ಹ. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ಚಂಡಮಾರುತಗಳ ಹೊಡೆತಕ್ಕೆ ಖಾಸಗಿ ಕಂಪನಿಗಳು ಹಿಂದೆಗೆದಾಗ, 2002ರಲ್ಲಿ ಸಿಟಿಜನ್ಸ್ ಎಂಬ ಸಂಸ್ಥೆಯನ್ನು ಸಂಸ್ಥಾನವೇ ಕಟ್ಟಿತು. ಅದು ಕೊನೆಯ ಆಸರೆ. ಆದಕಾರಣ ಎಲ್ಲರಿಗೂ ಬಾಗಿಲು ತೆರೆದಿಲ್ಲ. ಖಾಸಗಿ ಕಂಪನಿ ಕೇಳುವ ದರವು ಇದರ ದರಕ್ಕಿಂತ ಶೇಕಡಾ 20ನ್ನು ಮೀರಿ ಹೆಚ್ಚಿದ್ದರೆ ಮಾತ್ರ ಹೊಸಬರಿಗೆ ಪ್ರವೇಶ. ದರವನ್ನು ಒಮ್ಮೆಗೇ ಏರಿಸುವಂತೆಯೂ ಇಲ್ಲ: ವರ್ಷಕ್ಕೆ ಶೇಕಡಾ 10ಕ್ಕಿಂತ ಏರಕೂಡದೆಂದಿದ್ದ ಮಿತಿಯನ್ನು 2021ರ ಶಾಸನವು ವರ್ಷಕ್ಕೆ ಒಂದರಂತೆ ಸಡಿಲಿಸಿ, 2026ಕ್ಕೆ 15 ಎಂದು ಗೊತ್ತುಮಾಡಿತು. ಫ್ರಾನ್ಸಿನವರದು ಬೇರೆಯ ಮನೋಧರ್ಮ. 1982ರ ಶಾಸನದಿಂದ ಅಲ್ಲಿ ಪ್ರತಿಯೊಂದು ಆಸ್ತಿ ವಿಮೆಯ ಮೇಲೂ ಪ್ರಕೃತಿವಿಕೋಪಕ್ಕೆಂದು ಒಂದೇ ಪ್ರಮಾಣದ ಹೆಚ್ಚುವರಿ ಕಂತುಂಟು. ಗುಡ್ಡದವನಿಗೂ ನದಿಯ ದಡದವನಿಗೂ ಅದೇ. ಬಹುಕಾಲ ಶೇಕಡಾ 12 ಇದ್ದ ಈ ಪ್ರಮಾಣವನ್ನು 2025ರ ಜನವರಿಯಲ್ಲಿ 20ಕ್ಕೆ ಏರಿಸಿದರು. ಬ್ರಿಟನ್ನಿನಲ್ಲಿ 2016ರಿಂದ ಫ್ಲಡ್ ರೀ ಎಂಬ ವ್ಯವಸ್ಥೆ ನೆರೆಯ ಭಯವಿರುವ ಮನೆಗಳಿಗೆ ಅಗ್ಗದ ದರವನ್ನು ಕಲ್ಪಿಸುತ್ತದೆ. ಆದರೆ 2009ರ ಜನವರಿ 1ರಿಂದೀಚೆಗೆ ಕಟ್ಟಿದ ಮನೆಗೆ ಅದರಲ್ಲಿ ಎಡೆಯಿಲ್ಲ. ನೆರೆಯ ನೆಲವೆಂದು ತಿಳಿದೂ ಕಟ್ಟುವವನಿಗೆ ಸಾರ್ವಜನಿಕರ ಹಣದಿಂದ ಬೆನ್ನು ತಟ್ಟಬಾರದೆಂಬುದು ಇದರ ತಾತ್ಪರ್ಯ.

ಇಂಥ ವ್ಯವಸ್ಥೆ ಬೆಂಗಳೂರಿಗೆ ಬಂದರೆ ಗುಡ್ಡದ ಮೇಲಿನ ನಾವು ತಗ್ಗಿನವರಷ್ಟೇ ಕಂತನ್ನು ಏಕೆ ಕಟ್ಟಬೇಕೆಂದು ನಮ್ಮಲ್ಲಿ ಕೆಲವರು ಕೇಳಿಯಾರು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ನಾವು ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಿ, ತಾರಸಿಯ ನೀರನ್ನು ಕೊಳವೆಯಲ್ಲಿ ಬೀದಿಗೆ ಬಿಟ್ಟು, ಹಿಂದೆ ಮಣ್ಣು ಕುಡಿಯುತ್ತಿದ್ದ ಮಳೆಯನ್ನು ಒಂದು ಗಳಿಗೆಯಲ್ಲಿ ಕೆಳಕ್ಕೆ ಕಳುಹುತ್ತಿದ್ದೇವೆ. ಅದು ಇಳಿದು ಹೋಗುವುದು ವೃಷಭಾವತಿಯ ಕಣಿವೆಗೆ. ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿಯ ಗುಡಿಯೊಳಕ್ಕೆ ಭಾರಿ ಮಳೆಯ ದಿನ ನುಗ್ಗುವ ನೀರಿನಲ್ಲಿ ನಮ್ಮ ಪಾಲೂ ಇದ್ದೇ ಇದೆ. ತಗ್ಗಿನವರ ಅಪಾಯವನ್ನು ಹೆಚ್ಚಿಸುವವರು ಅದರ ಕಂತಿನಲ್ಲಿ ಪಾಲುಗೊಳ್ಳುವುದು ಅನ್ಯಾಯವೆಂದು ನಮಗೆ ತೋರುವುದಿಲ್ಲ. ದರದಲ್ಲಿ ಫ್ರೆಂಚರ ಸಮಾನತೆಯೂ, ಅರ್ಹತೆಯಲ್ಲಿ ಬ್ರಿಟಿಷರ ತಾರೀಖಿನ ಗೆರೆಯೂ ಕೂಡಿದರೆ ನಮ್ಮ ಊರಿಗೆ ಒಪ್ಪೀತು. ಅಂಥ ಗೆರೆ ಎಳೆದ ಮೇಲೆ ರಾಜಕಾಲುವೆಯ ಮೇಲೆ ಕಟ್ಟಿ ಮಾರುವವನ ಸರಕನ್ನು ಕೊಳ್ಳುವವರು ಕಡಿಮೆಯಾದಾರು. ಈಗ ಅಲ್ಲಿ ತಿಳಿಯದೆ ಕೊಂಡು ವಾಸವಾಗಿರುವವರನ್ನು ಮಾತ್ರ ಆ ಗೆರೆಯ ಹೊರಗೆ ಬಿಡಬಾರದು.

ಸಾಲ ಮಾಡಿ ಮನೆ ಕಟ್ಟಿದವರಿಗೆ ಒಂದು ಮಾತು ಉಳಿದಿದೆ. ಬ್ಯಾಂಕಿನವರು ಸಾಲದ ಜೊತೆಗೆ ವಿಮೆಯನ್ನೂ ಮಾಡಿಸಿದ್ದಾರೆಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ಕಾಗದವನ್ನು ತೆಗೆದು ಓದಿ ನೋಡಿ. ಎಷ್ಟೋ ವೇಳೆ ಅದು ಸಾಲಗಾರನ ಜೀವಕ್ಕೆ ಮಾಡಿಸಿದ ವಿಮೆ. ಆತನು ತೀರಿಕೊಂಡರೆ ಸಾಲ ತೀರೀತು, ಮನೆ ಸುಟ್ಟರೆ ಒಂದು ಕಾಸೂ ಬಾರದು. ಮನೆಗೇ ವಿಮೆಯಿದ್ದರೂ ಬ್ಯಾಂಕಿನ ಹೆಸರು ಅದರಲ್ಲಿದ್ದರೆ ಹಣ ಮೊದಲು ಬ್ಯಾಂಕಿಗೆ ಸಲ್ಲುತ್ತದೆ. ಕೆಲವು ವೇಳೆ ಮೊತ್ತವು ಸಾಲದಷ್ಟೇ ಇದ್ದು ಮನೆಯಷ್ಟು ಇರುವುದಿಲ್ಲ. ಆಗ ಸಾಲ ತೀರುತ್ತದೆ, ಮನೆ ಮತ್ತೆ ಏಳುವುದಿಲ್ಲ.

ಹಾನಿಯಾದ ಮೇಲೆ ಕಂಪನಿಗೆ ಕೂಡಲೇ ತಿಳಿಸುವುದು, ಸರ್ವೇಯರು ಬಂದು ನೋಡುವ ತನಕ ಒದ್ದೆ ಸಾಮಾನನ್ನು ಗುಜರಿಗೆ ಹಾಕದಿರುವುದು, ಇವು ನೀವು ಬಲ್ಲ ಮಾತುಗಳೇ. ಕಂಪನಿ ಕೊಡಲೊಲ್ಲದಿದ್ದರೆ, ಅಥವಾ ಕಡಿಮೆ ಕೊಟ್ಟರೆ, ಮೊದಲು ಕಂಪನಿಗೇ ಬರಹದಲ್ಲಿ ದೂರನ್ನು ಕೊಡತಕ್ಕದ್ದು. ತಿಂಗಳೊಳಗೆ ಸಮಾಧಾನವಾದ ಉತ್ತರ ಬಾರದಿದ್ದಲ್ಲಿ ವಿಮಾ ಲೋಕಪಾಲರೆಂಬ ಅಧಿಕಾರಿಗಳುಂಟು. ಕರ್ನಾಟಕಕ್ಕೆ ಸೇರಿದ ಅವರ ಕಛೇರಿ ನಮ್ಮ ದಕ್ಷಿಣ ಭಾಗದಲ್ಲಿಯೇ, ಜೆ.ಪಿ. ನಗರದ ಮೊದಲನೆಯ ಹಂತದ ಜೀವನ ಸೌಧದಲ್ಲಿದೆ. 2023ರ ತಿದ್ದುಪಡಿಯಿಂದ 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಅವರು ವಿಚಾರಿಸಬಲ್ಲರು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಬೇಕು.